ತೂಕ ಸರಿಯಾದ ದಿನ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಎಲ್ಲ ಕಡೆಯೂ ಒಂದೇ ವಾಸನೆ ಎಂದು ಜನ ತಿಳಿದಿರುತ್ತಾರೆ. ಅಲ್ಲ. ಬೆಸುಗೆಯ ಐರನ್ನಿನ ಮರದ ಹಿಡಿಕೆಗೆ ವರ್ಷಗಟ್ಟಲೆ ಕೈಬೆವರು, ವಿಭೂತಿ, ಎಲೆಯಡಿಕೆಯ ಸುಣ್ಣ ಹತ್ತಿದ್ದರೆ ಅದು ಕಾದಾಗ ಬೇರೆಯದೇ ವಾಸನೆ ಬರುತ್ತದೆ. ಕಳೆದ ವಾರ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ, ಲಾರಿ ತೂಗುವ ಕಾಟಾದ ಕೋಣೆಯಲ್ಲಿ ಕೂತು, ಇಲಿ ಕಡಿದ ಒಂದು ಕೇಬಲ್ಲಿಗೆ ಬೆಸುಗೆ ಹಾಕುತ್ತಿದ್ದೆ. ಹೊಗೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತಿತು. ಆ ಐರನ್ ನನ್ನದಲ್ಲ. ನನಗೆ ಈ ವಿದ್ಯೆ ಕಲಿಸಿದ ಸರ್ ಅವರದು.

ಅವರು ತೀರಿಕೊಂಡು ಕೆಲವು ತಿಂಗಳಾಯಿತು. ಮಣ್ಣಾದ ಮೇಲೆ ಮನೆಗೆ ಹೋಗಿದ್ದೆ. ಅವರ ಹೆಂಡತಿ ಒಳಗಿನಿಂದ ಇದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಇಟ್ಟರು. ನಿನಗೇ ಕೊಡಬೇಕೆಂದು ಹೇಳಿ ಹೋಗಿದ್ದರಂತೆ. ಬೇಡ ಎನ್ನುವಷ್ಟು ಸಿಟ್ಟು ನನ್ನಲ್ಲಿತ್ತು. ಆದರೆ ಗೋಡೆಗೆ ಒರಗಿ ಕೂತ ಆ ಹೆಂಗಸಿನ ಮುಖ ನೋಡಿ ಬೇಡ ಎನ್ನಲಾಗಲಿಲ್ಲ. ತೆಗೆದುಕೊಂಡು ಬಂದೆ.

ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ಮಹಡಿಯ ಮೇಲೆ ಅವರ ಅಂಗಡಿ ಇತ್ತು. ಅಂಗಡಿ ಎನ್ನುವುದಕ್ಕೆ ಬೋರ್ಡು ಬಿಟ್ಟರೆ ಬೇರೆ ಗುರುತಿರಲಿಲ್ಲ. ಎರಡು ಮೇಜು, ಒಂದು ಫ್ಯಾನು, ಗೋಡೆಗೆ ಹಗ್ಗದ ಹಾಗೆ ಸುತ್ತಿ ತೂಗುಹಾಕಿದ ಕೇಬಲ್ಲುಗಳು. ನಾನು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿ ಅಲೆಯುತ್ತಿದ್ದ ಕಾಲ. ಊರಿನ ಉಳಿದ ಅಂಗಡಿಯವರು ಹುಡುಗಿ ಎಂದ ಕೂಡಲೇ ಕೌಂಟರಿನಲ್ಲಿ ಕೂತು ಬಿಲ್ಲು ಹರಿಯಲು ಕರೆಯುತ್ತಿದ್ದರು. ಸರ್ ಮಾತ್ರ ಹಾಗೆ ಮಾಡಲಿಲ್ಲ. ಹೋದ ದಿನವೇ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಒಂದು ಮುಚ್ಚಿದ ಡಬ್ಬಿ ಮುಂದಿಟ್ಟು, ಬಿಚ್ಚು ಎಂದರು. ಇದನ್ನು ನಾನು ಮರೆತರೆ ನನ್ನ ನಾಲಿಗೆಗೆ ಹುಳ ಬೀಳಲಿ.

ನಮ್ಮ ಗಿರಾಕಿಗಳು ಹೆಚ್ಚಾಗಿ ಗಿರಣಿಯವರು. ಸಿರುಗುಪ್ಪದಿಂದ ಕುರುಗೋಡಿನವರೆಗೆ ಕಾಲುವೆ ನೀರಿಗೆ ಬೆಳೆದ ಭತ್ತವೆಲ್ಲ ಯಾವುದೋ ಒಂದು ಕಾಟಾ ಹತ್ತಿ ಇಳಿಯಲೇಬೇಕು. ಕಾಟಾದ ತೂಕ ಒಂದು ತಂತಿಯಲ್ಲಿ ಹರಿದು ಕಂಪ್ಯೂಟರಿಗೆ ಬರುತ್ತದೆ. ಆ ತಂತಿ ಕಂಪ್ಯೂಟರಿಗೆ ಸೇರುವ ಜಾಗಕ್ಕೆ ಸೀರಿಯಲ್ ಪೋರ್ಟು ಎನ್ನುತ್ತಾರೆ. ಒಂಬತ್ತು ಸೂಜಿಯ ಪುಟ್ಟ ಬಾಯಿ. ಸರ್ ಎಲ್ಲ ಗಿರಣಿಗೂ ಕಂಪ್ಯೂಟರ್ ನಡೆಸಲು ಲೈನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದರು. ಅದಕ್ಕೆ ವೈರಸ್ ಬರುವುದಿಲ್ಲ, ದುಡ್ಡು ಕೊಡಬೇಕಿಲ್ಲ, ಅದಕ್ಕಿಂತ ಮುಖ್ಯವಾಗಿ ಊರಿನಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಕೊನೆಯದನ್ನು ಅವರು ನಗುತ್ತಾ ಹೇಳುತ್ತಿದ್ದರು.

ಕಲಿಸುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ತೂಕ ಬರುತ್ತಿಲ್ಲ ಎಂದು ಫೋನ್ ಬಂದರೆ ನಾನು ಮೊದಲು ಪ್ರೋಗ್ರಾಮಿನ ಮೇಲೆ ಬೀಳುತ್ತಿದ್ದೆ. ಅವರು ತಲೆಗೆ ಮೊಟಕುತ್ತಿದ್ದರು. ಕೇಬಲ್ ಸರಿಯಾಗಿ ಕೂತಿದೆಯೇ, ಸರಿಯಾದ ಬಾಯಿಗೇ ಕೂತಿದೆಯೇ, ಎರಡೂ ಕಡೆ ಒಂದೇ ವೇಗಕ್ಕೆ ಇಟ್ಟಿದ್ದಾರೆಯೇ, ಪೋರ್ಟನ್ನು ಬೇರೆ ಯಾವ ಪ್ರೋಗ್ರಾಮಾದರೂ ಹಿಡಿದುಕೊಂಡಿದೆಯೇ... ಇಷ್ಟಾದ ಮೇಲೆ ಉಳಿದ ಮಾತು. ಪೋರ್ಟಿನ ಎರಡನೇ ಸೂಜಿಗೂ ಮೂರನೇ ಸೂಜಿಗೂ ಒಂದು ತಂತಿ ಮುಟ್ಟಿಸಿ ಟೈಪ್ ಮಾಡಿದರೆ, ಪೋರ್ಟು ಚೆನ್ನಾಗಿದ್ದಾಗ ನಾವು ಹೊಡೆದ ಅಕ್ಷರ ನಮಗೇ ವಾಪಸ್ ಬರುತ್ತದೆ. ಒಮ್ಮೆ ತಂತಿ ಮರೆತು ಹೋಗಿದ್ದೆ, ತುರುಬಿನ ಯು ಪಿನ್ ತೆಗೆದು ಮುಟ್ಟಿಸಿದೆ. ಸರ್ ಅದನ್ನು ಕೇಳಿ ಎಷ್ಟು ನಕ್ಕರೆಂದರೆ ಕೆಳಗಿನ ಕಿರಾಣಿ ಅಂಗಡಿಯವರು ಮೇಲೆ ಬಂದು ಏನಾಯಿತೆಂದು ವಿಚಾರಿಸಿದರು. ಆಮೇಲೆ ಗಿರಾಕಿಗಳಿಗೆಲ್ಲ ಅದೇ ಕಥೆ.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಒಂದಿತ್ತು. ಯಾವ ಗಿರಣಿಗೆ ಹೋದರೂ ಯಂತ್ರ ಕೆಟ್ಟಾಗ ಯಾರಾದರೊಬ್ಬರ ಕಡೆ ಬೆರಳು ತೋರಿಸುವವರು ಇದ್ದೇ ಇರುತ್ತಾರೆ. ಅಂಥವರ ಎದುರಿಗೆ ಸರ್ ಹೇಳುವರು:

“ಮೊದ್ಲು ತಂತಿ ನೋಡ್ರಿ. ಮನುಷ್ಯಾನ್ನ ಆಮ್ಯಾಲ ನೋಡೂಣು.”

ನಾನು ಆ ಮಾತನ್ನು ದೇವರ ಮಾತಿನ ಹಾಗೆ ನಂಬಿದ್ದೆ.

ಇನ್ನೊಂದು ಹೇಳಬೇಕು. ಸರ್ ತಮ್ಮ ಮೋಟಾರ್ ಸೈಕಲ್ ಮೇಲೆ ನನ್ನನ್ನು ಒಂದು ದಿನವೂ ಕೂರಿಸಿಕೊಂಡು ಹೋಗಲಿಲ್ಲ. ಎಷ್ಟೇ ಅವಸರವಿದ್ದರೂ ಅವರು ಗಾಡಿಯಲ್ಲಿ, ನಾನು ಬಸ್ಸಿನಲ್ಲಿ. ಸಂಜೆ ಕತ್ತಲಾಗುವ ಮೊದಲೇ ಮನೆಗೆ ಅಟ್ಟುತ್ತಿದ್ದರು. ನನ್ನ ಹೆಸರಿಗೆ ಒಂದು ಮಾತು ಬಂದರೆ ಅದನ್ನು ಯಾವ ನೀರಿನಿಂದಲೂ ತೊಳೆಯಲಾಗದು ಎಂದು ಅಮ್ಮನ ಮುಂದೆ ಹೇಳಿದ್ದರು. ಅಮ್ಮ ಅವರನ್ನು ಹೊಗಳಿದ್ದೇ ಹೊಗಳಿದ್ದು. ಹೆಸರು ಎಂದರೆ ಏನೆಂದು ಗೊತ್ತಿಲ್ಲದ ಮನುಷ್ಯ ಅವರಾಗಿರಲಿಲ್ಲ. ನನ್ನ ಸಿಟ್ಟೆಲ್ಲ ಇರುವುದು ಅಲ್ಲೇ.

ಕುರುಗೋಡಿನ ಹೊರಗೆ ಒಂದು ಗಿರಣಿ ಇತ್ತು. ಅಲ್ಲಿ ಕಾಟಾ ನೋಡಿಕೊಳ್ಳುತ್ತಿದ್ದವರು ಐವತ್ತರ ಹತ್ತಿರದ ಒಬ್ಬರು. ಎಲ್ಲರಿಗೂ ಕಾಟಾದಣ್ಣ, ನನಗೂ ಕಾಟಾದಣ್ಣ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಲಾರಿ ಡ್ರೈವರುಗಳು ಚಪ್ಪಲಿ ಹಾಕಿಕೊಂಡು ಕಾಟಾದ ಕೋಣೆಗೆ ಕಾಲಿಟ್ಟರೆ ಅವರ ಏಳು ತಲೆಮಾರನ್ನೂ ಹೊರಗೆ ಎಳೆಯುತ್ತಿದ್ದರು. ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಲಾರಿ ಹತ್ತಿದಾಗ ಒಂದು ಗುಂಡಿ ಒತ್ತಬೇಕು, ಚೀಟಿ ಹರಿದು ಕೊಡಬೇಕು, ಅಷ್ಟು ಗೊತ್ತು. ತಾನು ಮಾತ್ರ ದೊಡ್ಡ ಎಂಜಿನಿಯರ್ ಎಂಬಂತೆ ನನಗೇ ಪಾಠ ಹೇಳುತ್ತಿದ್ದರು. ನಾನು ಹೋದ ದಿನ ಮನೆಯಿಂದ ತಂದ ಮಜ್ಜಿಗೆಯಲ್ಲಿ ಅರ್ಧ ನನಗೆ ಕೊಡದೆ ಬಿಡುತ್ತಿರಲಿಲ್ಲ.

ಅವರಿಗೆ ಊರಿನಲ್ಲಿ ಇನ್ನೊಂದು ಕೆಲಸವಿತ್ತು. ಸಂಬಳವಿಲ್ಲದ ಕೆಲಸ. ಅವರ ಓಣಿಯಲ್ಲಿ ಏನೇ ಪಾಲು ಮಾಡಬೇಕಾದರೂ ಅವರನ್ನು ಕರೆಯುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾಗಿ ಮನೆಯ ಕಾಳುಕಡಿ ಹಂಚಿಕೊಳ್ಳುವಾಗ, ಕೂಡಿ ಕೊಯ್ದ ಹುಣಸೆಹಣ್ಣು ಮನೆಮನೆಗೆ ಹಾಕುವಾಗ, ಮಠದ ದಾಸೋಹದಲ್ಲಿ ಸಿಹಿ ಬಡಿಸುವಾಗ, ಸೌಟು ಅವರ ಕೈಯಲ್ಲೇ. ಕಾಟಾದವರು ಹಂಚಿದ್ದಾರೆ ಎಂದರೆ ಮತ್ತೆ ಯಾರೂ ಎಣಿಸುತ್ತಿರಲಿಲ್ಲ. ಈ ಗೌರವವನ್ನು ಅವರು ಮೀಸೆಯ ಹಾಗೆ ತಿರುವಿಕೊಂಡು ಓಡಾಡುತ್ತಿದ್ದರು. ನನಗೆ ನಗು ಬರುತ್ತಿತ್ತು.

ಆ ವರ್ಷ ಆಯುಧ ಪೂಜೆಗೆ ಅವರು ಎಂದಿನಂತೆ ಕಾಟಾದ ಕೋಣೆಯನ್ನು ತೊಳೆದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಂಪ್ಯೂಟರಿನ ಹಿಂದಿದ್ದ ಕೇಬಲ್ಲುಗಳನ್ನೂ ಒಂದೊಂದಾಗಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರತಿಯೊಂದರ ತಲೆಗೂ ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮ ಇಟ್ಟು, ಆರತಿ ಎತ್ತಿ, ಮತ್ತೆ ಚುಚ್ಚಿದರು. ನಮ್ಮ ಕಡೆ ಯಂತ್ರಕ್ಕೆ ಪೂಜೆ ಎಂದರೆ ಮೇಲಿನ ಡಬ್ಬಿಗೆ ಹೂವು ಏರಿಸಿ ಮುಗಿಸುವವರು ಬೇರೆ, ಕಾಟಾದಣ್ಣ ಬೇರೆ. ದೇವರಿಗೆ ತೋರಿಸದ ಒಂದು ಸೂಜಿಯೂ ಉಳಿಯಬಾರದು ಅವರಿಗೆ.

ಆ ಕಂಪ್ಯೂಟರಿಗೆ ಒಂದೇ ಥರದ ಎರಡು ಸೀರಿಯಲ್ ಪೋರ್ಟುಗಳಿದ್ದವು. ಒಂದಕ್ಕೆ ಕಾಟಾದ ತಂತಿ. ಇನ್ನೊಂದರ ತಂತಿ ಗೋಡೆ ಕೊರೆದು ಸಾಹುಕಾರರ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಒಂದು ಹಳೆಯ ಟರ್ಮಿನಲ್ ಇತ್ತು. ಹಸಿರು ಅಕ್ಷರದ ಪರದೆ, ಒಂದು ಕೀಬೋರ್ಡು. ಸಾಹುಕಾರರು ಕೂತಲ್ಲೇ ಗಿರಣಿಯ ಲೆಕ್ಕ ನೋಡಲೆಂದು ಸರ್ ಹಾಕಿಸಿದ್ದು. ಆ ಎರಡನೇ ಪೋರ್ಟಿನಲ್ಲಿ ಒಂದು ಪ್ರೋಗ್ರಾಮು ಸದಾ ಬಾಗಿಲು ಕಾಯುತ್ತಾ ಕೂತಿರುತ್ತದೆ. ಯಾರಾದರೂ ಕೀಲಿ ಒತ್ತಿದರೆ, ನಿನ್ನ ಹೆಸರೇನು, ಗುಟ್ಟಿನ ಪದವೇನು ಎಂದು ಕೇಳುವುದೇ ಅದರ ಕೆಲಸ. ಪೂಜೆ ಮುಗಿಸಿ ಚುಚ್ಚುವಾಗ ಕಾಟಾದಣ್ಣ ಎರಡು ಕೇಬಲ್ಲುಗಳನ್ನು ಅದಲುಬದಲು ಮಾಡಿದರು.

ಮರುದಿನ ತೂಕ ಬರಲಿಲ್ಲ. ಲಾರಿಗಳು ಸಾಲು ನಿಂತವು. ಸಾಹುಕಾರರು ಸರ್‌ಗೆ ಫೋನ್ ಹಚ್ಚಿದರು. ನಾನು ಆಗ ಅಮ್ಮನ ಕಣ್ಣಿನ ಆಪರೇಷನ್ ಎಂದು ರಜೆಯಲ್ಲಿದ್ದೆ. ಸರ್ ಬಳ್ಳಾರಿಯಲ್ಲಿ ಬೇರೆ ಕೆಲಸದಲ್ಲಿ ಮುಳುಗಿದ್ದರು, ಹೋಗುವ ಮನಸ್ಸಾಗಲಿಲ್ಲ. ತಂತಿ ಬೇರೆ ಬಾಯಿಗೆ ಕೂತಿರಬೇಕೆಂದು ಊಹಿಸಿ, ಕೂತಲ್ಲಿಂದಲೇ ಗಿರಣಿಯ ಗುಮಾಸ್ತರಿಗೆ ಫೋನಿನಲ್ಲಿ ಹೇಳಿ, ತೂಕದ ಪ್ರೋಗ್ರಾಮಿನಲ್ಲಿ ಒಂದನೇ ಪೋರ್ಟು ಎಂದಿದ್ದನ್ನು ಎರಡನೇದು ಎಂದು ತಿದ್ದಿಸಿದರು. ತೂಕ ಬಂತು. ಎಲ್ಲರೂ ಸರ್ ಅವರನ್ನು ಹೊಗಳಿದರು. ಆ ಪೋರ್ಟಿನಲ್ಲಿ ಬಾಗಿಲು ಕಾಯುವವನು ಇನ್ನೂ ಕೂತಿದ್ದಾನೆ ಎಂಬುದನ್ನು ಸರ್ ಮರೆತರು. ತಂತಿ ನೋಡದೆ ಕೈ ಹಾಕಬೇಡ ಎಂದು ನನಗೆ ಮೊಟಕಿ ಮೊಟಕಿ ಕಲಿಸಿದ ಮನುಷ್ಯ!

ಒಂದೇ ತಾಟಿನಲ್ಲಿ ಇಬ್ಬರು ಉಣ್ಣಲು ಕೂತರೆ ಒಬ್ಬ ತಿಂದ ತುತ್ತು ಇನ್ನೊಬ್ಬನಿಗೆ ಸಿಗುವುದಿಲ್ಲ. ಅಲ್ಲಿ ಆದದ್ದು ಅಷ್ಟೇ. ಕಾಟಾ ತನ್ನ ತೂಕವನ್ನು ಒಂದೇ ಸಮನೆ ಹೇಳುತ್ತಲೇ ಇರುತ್ತದೆ: ಎರಡು, ನಾಲ್ಕು, ಐದು, ಎಂಟು, ಸೊನ್ನೆ, ಮತ್ತೆ ಎರಡು, ನಾಲ್ಕು... ತೂಕದ ಪ್ರೋಗ್ರಾಮು ಬಂದ ಐದು ಅಂಕಿಗಳನ್ನು ಜೋಡಿಸಿ ಚೀಟಿ ಹೊಡೆಯುತ್ತದೆ. ನಡುವೆ ಬಾಗಿಲು ಕಾಯುವವನು ಒಂದು ಅಂಕಿಯನ್ನು ನುಂಗಿದರೆ ಆ ಜಾಗಕ್ಕೆ ಮುಂದಿನದು ಸರಿದು ಬರುತ್ತದೆ. ಐದು ಎಂಬ ಅಂಕಿಯನ್ನು ಅವನು ನುಂಗಿದಾಗ ಇಪ್ಪತ್ನಾಲ್ಕು ಸಾವಿರದ ಐನೂರ ಎಂಬತ್ತು ಕಿಲೋ ಇದ್ದದ್ದು ಇಪ್ಪತ್ನಾಲ್ಕು ಸಾವಿರದ ಎಂಟುನೂರ ಎರಡಾಗುತ್ತದೆ. ಒಮ್ಮೆ ಎರಡು ಕ್ವಿಂಟಲ್ ಹೆಚ್ಚು, ಒಮ್ಮೆ ಕಡಿಮೆ. ಪೂರಾ ತಪ್ಪು ಬಂದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ನಂಬುವಂತಿದ್ದ ಸುಳ್ಳು.

ದೂರು ಬರತೊಡಗಿತು. ಹೊರಗಿನ ಕಾಟಾದಲ್ಲಿ ಒಂದು ತೂಕ, ಇಲ್ಲಿ ಇನ್ನೊಂದು. ಕಡಿಮೆ ಬಂದವರು ಬಾಯಿ ಮಾಡಿದರು. ಹೆಚ್ಚು ಬಂದವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಸಾಹುಕಾರರಿಗೆ ಒಂದೇ ಅರ್ಥ ಹೊಳೆಯಿತು, ಕಾಟಾದವನು ಡ್ರೈವರುಗಳ ಜೊತೆ ಕೈ ಮಿಲಾಯಿಸಿದ್ದಾನೆ. ಕಾಟಾದಣ್ಣ ಮೊದಲು ಬೈದರು, ಆಮೇಲೆ ಆಣೆ ಇಟ್ಟರು, ಆಮೇಲೆ ಸುಮ್ಮನಾದರು. ಬೈಯುವುದನ್ನು ಅವರು ನಿಲ್ಲಿಸಿದ್ದೇ ಅವರ ಮೇಲೆ ಸಾಕ್ಷಿಯಾಯಿತು. ತಪ್ಪು ಮಾಡಿದವನ ಬಾಯಿ ಕಟ್ಟಿದೆ ಎಂದು ಹಮಾಲರೂ ಆಡಿಕೊಂಡರು.

ರಜೆ ಮುಗಿಸಿ ಬಂದ ಮೇಲೆ ಸರ್ ನನ್ನನ್ನು ಕುರುಗೋಡಿಗೆ ಕಳಿಸಿದರು. ತೂಕದ ವಿಷಯಕ್ಕಲ್ಲ, ಸಾಹುಕಾರರ ಟರ್ಮಿನಲ್ ಸತ್ತಿದೆ ಎಂಬ ದೂರಿಗೆ. ಹೋಗಿ ನೋಡಿದೆ. ಟರ್ಮಿನಲ್ಲಿಗೆ ಏನೂ ಆಗಿರಲಿಲ್ಲ. ಅದರ ತಂತಿ ಯಾರೂ ಮಾತಾಡದ ಪೋರ್ಟಿಗೆ ಕೂತಿತ್ತು. ಕಂಪ್ಯೂಟರಿನ ಹಿಂದೆ ಬಗ್ಗಿದರೆ ಎರಡೂ ಕೇಬಲ್ಲುಗಳ ತಲೆಯ ಮೇಲೆ ಒಣಗಿದ ವಿಭೂತಿ ಪಟ್ಟೆ. ನನಗೆ ಅರ್ಧ ಅಲ್ಲೇ ತಿಳಿಯಿತು. ಎರಡನೇ ಪೋರ್ಟನ್ನು ಯಾರು ಹಿಡಿದಿದ್ದಾರೆ ಎಂದು ಕಂಪ್ಯೂಟರನ್ನು ಕೇಳಿದೆ. ಒಂದು ಹೆಸರು ಬರಬೇಕಾದ ಜಾಗದಲ್ಲಿ ಎರಡು ಹೆಸರು ಬಂದವು. ಭತ್ತದ ಲಾರಿ ಒಂದು ಕಾಟಾದ ಮೇಲೆ ನಿಂತಿತ್ತು. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ. ನಿಂತ ಲಾರಿಗೆ ಪ್ರತಿ ಸಲವೂ ಬೇರೆ ತೂಕ.

ಹಿಂದೆ ನಿಂತಿದ್ದ ಕಾಟಾದಣ್ಣನಿಗೆ ಅದು ಕಂಡಿತು. ಅವರು ಚೀಟಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. ನಡೆದದ್ದನ್ನು ಅವರಿಗೆ ಬಿಡಿಸಿ ಹೇಳಿದೆ, ಪೂಜೆಯ ದಿನ ಕೇಬಲ್ ಬದಲಾದದ್ದನ್ನೂ ಸೇರಿಸಿ. ಅವರ ಕಣ್ಣು ಮೊದಲು ಅರಳಿತು, ಆಮೇಲೆ ಇಳಿಯಿತು.

“ಪೂಜಿ ಮಾಡಿದ್ದು ತಪ್ಪಾತೇನವ್ವಾ?”

ಪೂಜೆ ತಪ್ಪಲ್ಲ, ತಿರುಗಿ ಚುಚ್ಚಿದ್ದು ತಪ್ಪು, ಅದೂ ದೊಡ್ಡದಲ್ಲ ಎಂದೆ. ಅವರು ಈಗಲೇ ಸಾಹುಕಾರರನ್ನು ಕರೆತರುತ್ತೇನೆಂದು ಹೊರಟರು. ತಡೆದೆ. ನಮ್ಮ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು: ಕಾರಣ ಏನೇ ಇರಲಿ, ಮೊದಲು ಸರ್‌ಗೆ ಹೇಳಬೇಕು, ಆಮೇಲೆ ಗಿರಾಕಿಗೆ. ಒಳ್ಳೆಯ ಕಟ್ಟಳೆಯೇ, ಅರ್ಧ ತಿಳಿದು ಬಾಯಿಬಿಟ್ಟರೆ ಅಂಗಡಿಯ ಮಾನ ಹೋಗುತ್ತದೆ. ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಸರ್ ಏನನ್ನೂ ಮುಟ್ಟಬೇಡ, ನಾನೇ ಬರುತ್ತೇನೆ ಎಂದರು. ನನಗೆ ಖುಷಿಯಾಯಿತು. ಸರ್ ಬಂದು ಹೇಳಿದರೆ ಸಾಹುಕಾರರು ಕೇಳುತ್ತಾರೆ ಎಂದುಕೊಂಡೆ.

ಸರ್ ಬಂದರು. ಊಟದ ಹೊತ್ತಾಗಿದೆ, ಹೋಗಿ ತಿಂದು ಬಾ ಎಂದು ನನ್ನನ್ನು ಕಳಿಸಿದರು. ಊರೊಳಗೆ ಒಂದು ಖಾನಾವಳಿಯಲ್ಲಿ ರೊಟ್ಟಿ ತಿಂದು ಬಂದೆ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಕೇಬಲ್ಲುಗಳು ಅವುಗಳ ಬಾಯಿಗೆ ವಾಪಸ್ ಹೋಗಿದ್ದವು, ಪೋರ್ಟಿನ ನಂಬರು ಮೊದಲಿನಂತಾಗಿತ್ತು, ಕನೆಕ್ಟರುಗಳ ಮೇಲಿನ ವಿಭೂತಿಯನ್ನೂ ಒರೆಸಿದ್ದರು. ಸಾಹುಕಾರರ ಕೋಣೆಯಲ್ಲಿ ಟರ್ಮಿನಲ್ ಹಸಿರಾಗಿ ಬೆಳಗುತ್ತಿತ್ತು. ಸರ್ ಚಹಾ ಕುಡಿಯುತ್ತಾ ಹೇಳುತ್ತಿದ್ದರು, ಯಂತ್ರ ಪೂರಾ ನೋಡಿದೆ, ಯಂತ್ರದಲ್ಲಿ ಏನೂ ದೋಷವಿಲ್ಲ ಎಂದು.

ಕಾಟಾದಣ್ಣ ಬಾಗಿಲ ಹತ್ತಿರ ನಿಂತಿದ್ದರು. ಗುಮಾಸ್ತರಿದ್ದರು, ಹಮಾಲರಲ್ಲಿ ಹಿರಿಯರಿಬ್ಬರಿದ್ದರು. ನಾನು ಎಲ್ಲರ ಎದುರಿಗೇ ಹೇಳಿದೆ, ಒಂದು ಪೋರ್ಟಿಗೆ ಎರಡು ಪ್ರೋಗ್ರಾಮು ಕೂತಿದ್ದವು, ಬೆಳಿಗ್ಗೆ ನಾನೇ ಕಂಡಿದ್ದೇನೆ, ನಿಂತ ಲಾರಿಗೆ ಮೂರು ತೂಕ ಬಂದಿದೆ ಎಂದು. ಚೀಟಿ ಎಲ್ಲಿ ಎಂದು ಸಾಹುಕಾರರು ಕೇಳಿದರು. ಕಾಟಾದಣ್ಣ ಚೀಟಿಗಳನ್ನು ಮುಂದೆ ಹಿಡಿದರು. ಚೀಟಿ ಹೊಡೆಯುವವನೇ ಕಳ್ಳ ಎಂದಾಗ ಅವನು ತಂದ ಚೀಟಿಗೆ ಯಾವ ಬೆಲೆ! ಸಾಹುಕಾರರು ಸರ್ ಕಡೆ ತಿರುಗಿದರು. ಸರ್ ನನ್ನ ಕಡೆ ನೋಡಿ ನಕ್ಕರು, ಯು ಪಿನ್ನಿಗೆ ನಕ್ಕ ಅದೇ ನಗು.

“ಹುಡುಗಿ ಇನ್ನಾ ಕಲಿಯಾಕತ್ತಾಳ ಸಾವ್ಕಾರ್ರೆ. ಎಲ್ಲಾ ಕಲ್ತಿಲ್ಲ.”

ಇನ್ನೊಮ್ಮೆ ಲಾರಿ ಹತ್ತಿಸಿ ನೋಡಿ ಎಂದೆ. ಹತ್ತಿಸಿದರು. ಗುಂಡಿ ಒತ್ತಿದರು. ಎಷ್ಟು ಸಲ ಒತ್ತಿದರೂ ಒಂದೇ ತೂಕ. ಸರಿಪಡಿಸಿದ ಯಂತ್ರ ಮತ್ತೇನು ಹೇಳೀತು? ಕಾಟಾದಣ್ಣನನ್ನು ಅದೇ ದಿನ ಕೆಲಸದಿಂದ ತೆಗೆದರು. ಮರುದಿನದಿಂದ ಬೇರೊಬ್ಬ ಕೂತ, ದೂರು ನಿಂತಿತು. ಇಷ್ಟು ಸಾಕಾಯಿತು ಊರಿಗೆ. ಅವನು ಹೋದ, ತೂಕ ಸರಿ ಆಯಿತು ಎಂಬ ಮಾತು ಚಹಾ ಅಂಗಡಿಯಿಂದ ಮಠದ ಕಟ್ಟೆಯವರೆಗೆ ಓಡಾಡಿತು. ಅದಕ್ಕಿಂತ ದೊಡ್ಡ ಪುರಾವೆ ಯಾರಿಗೆ ಬೇಕಿತ್ತು. ಪುರಾವೆಯನ್ನು ತಯಾರಿಸಿದ್ದು ನನ್ನ ಸರ್.

ಯಾಕೆ ಹಾಗೆ ಮಾಡಿದಿರಿ ಎಂದು ಮರುದಿನ ಅಂಗಡಿಯಲ್ಲಿ ಕೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟಾಗಲಿಲ್ಲ. ಫೋನಿನಲ್ಲಿ ನಂಬರು ತಿದ್ದಿಸಿ ತೂಕ ಕೆಡಿಸಿದ್ದು ನಾವೇ ಎಂದು ಒಂದು ಗಿರಣಿಗೆ ತಿಳಿದರೆ ಸಿರುಗುಪ್ಪದವರೆಗಿನ ಎಲ್ಲ ಗಿರಣಿಗಳೂ ಕೈಬಿಡುತ್ತವೆ, ಆಮೇಲೆ ನೀನೂ ಇಲ್ಲ ನಾನೂ ಇಲ್ಲ ಎಂದು ತಣ್ಣಗೆ ತಿಳಿಹೇಳಿದರು. ಅವನಿಗೆ ಬೇರೆ ಕೆಲಸ ಸಿಗುತ್ತದೆ, ಮನೆಯಲ್ಲಿ ಕಾಲುವೆ ನೀರಿನ ಮಾಗಣಿ ಗದ್ದೆಯೂ ಇದೆ ಎಂದರು. ಹೊಟ್ಟೆಯ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದರು. ಆಗ ನಾನು ಮೇಜಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಮೆಟ್ಟಿಲಿಳಿದೆ. ಕೆಳಗೆ ಬಂದ ಮೇಲೆ ಕಿರಾಣಿ ಅಂಗಡಿಯ ಮುಂದೆ ನಿಂತು ಅತ್ತೆ. ನನ್ನ ತಪ್ಪೇನಿತ್ತು ಎಂದು ಎಷ್ಟೋ ವರ್ಷ ತೂಗಿ ನೋಡಿದ್ದೇನೆ, ಇರಲಿಲ್ಲ. ತಪ್ಪಿಲ್ಲ ಎಂದು ಗೊತ್ತಿದ್ದೂ ತೂಗುವುದು ನಿಂತಿಲ್ಲ.

ಕಾಟಾದಣ್ಣನಿಗೆ ಕೆಲಸ ಸಿಕ್ಕಿತು, ಅದರಲ್ಲಿ ಸರ್ ಹೇಳಿದ್ದು ಸುಳ್ಳಾಗಲಿಲ್ಲ. ಕುಡತಿನಿಯ ಕಡೆ ಒಂದು ಗೋದಾಮಿನಲ್ಲಿ ಗೇಟು ಕಾಯುವ ಕೆಲಸ. ಆದರೆ ಓಣಿಯವರು ಅವರನ್ನು ಪಾಲಿಗೆ ಕರೆಯುವುದು ನಿಲ್ಲಿಸಿದರು. ಯಾರೂ ಏನೂ ಅನ್ನಲಿಲ್ಲ, ಬೈಯಲಿಲ್ಲ. ಹುಣಸೆ ಕೊಯ್ದಾಗ ಬೇರೊಬ್ಬರು ಹಂಚಿದರು, ಅಷ್ಟೇ. ಒಂದು ಸಲ ಮಠದ ದಾಸೋಹಕ್ಕೆ ಅಮ್ಮನ ಜೊತೆ ಹೋಗಿದ್ದೆ. ಸೌಟು ಯಾರೋ ಹೊಸಬನ ಕೈಯಲ್ಲಿತ್ತು. ಕಾಟಾದಣ್ಣ ಪಂಕ್ತಿಯ ಕೊನೆಯಲ್ಲಿ ಕೂತು ತಲೆ ಎತ್ತದೆ ಉಣ್ಣುತ್ತಿದ್ದರು. ಊಟವಾದ ಮೇಲೆ ಕೈತೊಳೆಯುವ ಜಾಗದಲ್ಲಿ ಸಿಕ್ಕರು. ನನಗೆ ಎಲ್ಲ ಗೊತ್ತಿದೆ ಅಣ್ಣ, ನಿಮ್ಮದೇನೂ ತಪ್ಪಿಲ್ಲ ಎಂದು ಅದೇ ಹಳೆಯ ಸಮಾಧಾನ ಹೇಳಲು ಹೋದೆ. ಅವರು ಕೈ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು.

“ನಿನಗ ಗೊತ್ತಿದ್ದು ನನಗೇನ್ ಉಪಯೋಗ ಆತವ್ವಾ?”

ಅವರಿಗೆ ಬೇಕಾಗಿದ್ದದ್ದು ನನ್ನ ಮಾತಲ್ಲ. ಬೇಕಾಗಿದ್ದ ಮಾತು ಒಂದೇ ಬಾಯಿಂದ ಬರಬೇಕಿತ್ತು.

ಸರ್ ಅವರನ್ನು ಆಮೇಲೆ ನಾನು ಒಮ್ಮೆ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಕೂದಲು ಪೂರಾ ಬೆಳ್ಳಗಾಗಿತ್ತು. ಹೇಗಿದ್ದೀಯ, ಅಮ್ಮನ ಕಣ್ಣು ಹೇಗಿದೆ ಎಂದು ನಿಜವಾದ ಅಕ್ಕರೆಯಿಂದಲೇ ಕೇಳಿದರು. ನಾನು ಸ್ವಂತ ಕೆಲಸ ಹಿಡಿದದ್ದು ಗೊತ್ತಿತ್ತು, ಒಳ್ಳೆಯ ಹೆಸರು ಮಾಡಿದ್ದೀಯಂತೆ ಎಂದರು. ಹೆಸರು ಎಂದದ್ದಕ್ಕೆ ನನ್ನ ಮೈ ಉರಿಯಿತು. ಒಂದೇ ಒಂದು ಸಲ ಕುರುಗೋಡಿಗೆ ಹೋಗಿ ಬನ್ನಿ, ಆ ಓಣಿಯಲ್ಲಿ ನಾಲ್ಕು ಜನರ ಎದುರು ಒಂದು ಮಾತು ಹೇಳಿ ಎಂದು ಕೇಳಿಕೊಂಡೆ.

“ಈಗ್ಯಾಕ ಬಿಡವ್ವ, ಎಲ್ಲಾರೂ ಮರ್ತಾರ.”

“ಕಾಟಾದಣ್ಣ ಮರ್ತಿಲ್ರೀ ಸರ್.”

ಸರ್ ಬಸ್ಸಿನ ಬೋರ್ಡು ಓದುವವರಂತೆ ಆಚೆ ನೋಡಿದರು. ಅವರ ಬಸ್ಸು ಅದಾಗಿರಲಿಲ್ಲ... ಆದರೂ ಹತ್ತಿಕೊಂಡು ಹೋದರು. ಅದೇ ಕೊನೆ.

ಕಳೆದ ವಾರ ಸಿರುಗುಪ್ಪದ ಆ ಗಿರಣಿಯಲ್ಲಿ ಕಾಟಾ ನೋಡಿಕೊಳ್ಳುತ್ತಿದ್ದವಳು ಒಬ್ಬ ಎಳೆಯ ಹೆಣ್ಣುಮಗಳು. ನಾನು ಹೋದಾಗ ಮ್ಯಾನೇಜರ್ ಅವಳ ಕಡೆ ಗದ್ದದಿಂದ ತೋರಿಸಿ, ಇವಳು ಬಂದ ಮೇಲೆಯೇ ಕಾಟಾ ಕೆಟ್ಟಿದೆ, ತೂಕ ಅರ್ಧಕ್ಕೇ ನಿಲ್ಲುತ್ತದೆ ಎಂದರು. ಅವಳು ಮೂಲೆ ಹಿಡಿದು ನಿಂತಿದ್ದಳು. ಆ ನಿಲುವು ನಾನು ಬಲ್ಲೆ. ಈಗಿನ ಕಂಪ್ಯೂಟರುಗಳಿಗೆ ಒಂಬತ್ತು ಸೂಜಿಯ ಬಾಯಿಯೇ ಇರುವುದಿಲ್ಲ. ಯುಎಸ್‌ಬಿಗೆ ಒಂದು ಗಿಡ್ಡ ತುಂಡು ಚುಚ್ಚಿ ಅದರ ಮೂಲಕ ಕಾಟಾದ ತಂತಿ ತರುತ್ತಾರೆ. ಆ ತುಂಡನ್ನು ಕಂಡ ಕೂಡಲೇ ಲೈನಕ್ಸಿನಲ್ಲಿ ಒಂದು ಪ್ರೋಗ್ರಾಮು ಇದು ಇಂಟರ್ನೆಟ್ಟಿನ ಮೋಡೆಮ್ ಇರಬೇಕೆಂದು ಹಾರಿ ಬಂದು ಪೋರ್ಟನ್ನು ಹಿಡಿದು ಮಾತಾಡಿಸುತ್ತದೆ. ಯಾರು ಹಿಡಿದಿದ್ದಾರೆ ಎಂದು ಕೇಳಿದೆ. ಎರಡು ಹೆಸರು ಬಂದವು. ಇಲಿ ಕಡಿದ ಕೇಬಲ್ಲು ಬೇರೆ, ಅದು ಮೇಲಿನ ಕೊಸರು.

ಯಾವುದನ್ನೂ ಸರಿಮಾಡಲಿಲ್ಲ. ಕೈ ಕಟ್ಟಿ ಕೂತೆ. ಮ್ಯಾನೇಜರ್ ಬರಲಿ, ಗುಮಾಸ್ತರು ಬರಲಿ, ಹಮಾಲರೂ ಬರಲಿ ಎಂದೆ. ಎಲ್ಲರೂ ಬಂದು ನೆರೆದ ಮೇಲೆ ಕೆಟ್ಟದ್ದನ್ನು ಕೆಟ್ಟ ಹಾಗೆಯೇ ತೋರಿಸಿದೆ. ನೋಡಿ, ಇದು ಯಂತ್ರದ ತಪ್ಪು, ಕೂತವಳದ್ದಲ್ಲ ಎಂದು ಹೇಳಿ, ಮ್ಯಾನೇಜರ್ ಬಾಯಿಂದಲೂ ಅದನ್ನು ಹೇಳಿಸಿ, ಆಮೇಲೆ ಆ ಪ್ರೋಗ್ರಾಮನ್ನು ತೆಗೆದೆ, ಆಮೇಲೆ ಐರನ್ ಕಾಯಿಸಿದೆ. ಕುರುಗೋಡಿನಲ್ಲಿ ಹಾಗಾದ ಮೇಲೆ ನಾನು ಕೆಲಸ ಮಾಡುವ ರೀತಿಯೇ ಇದು. ಜನ ತಡವಾಗುತ್ತದೆ ಎಂದು ಗೊಣಗುತ್ತಾರೆ. ಗೊಣಗಲಿ. ಯಾರಿಂದ ಕಲಿತಿರಿ ಮೇಡಂ ಎಂದು ಗುಮಾಸ್ತರು ಕೇಳಿದರು. ನಮ್ಮ ಸರ್ ಕಲಿಸಿದ್ದು ಎಂದೆ. ಸುಳ್ಳಲ್ಲ.

ಕೆಲಸ ಮುಗಿದ ಮೇಲೆ ಬಳ್ಳಾರಿಯ ನೇರ ಬಸ್ಸು ಬಿಟ್ಟು ಕುರುಗೋಡಿನ ಬಸ್ಸು ಹತ್ತಿದೆ. ಚೀಲದಲ್ಲಿ ಐರನ್ ಇನ್ನೂ ಬಿಸಿ ಆರಿರಲಿಲ್ಲ, ವಾಸನೆ ಹೊಡೆಯುತ್ತಲೇ ಇತ್ತು. ಕಾಟಾದಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಹಣೆಯ ವಿಭೂತಿ ಹಾಗೇ ಇದೆ, ಬೈಗುಳ ಹೋಗಿದೆ. ಒಳಗಿನಿಂದ ಮಜ್ಜಿಗೆ ತರಿಸಿದರು. ಸರ್ ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಲೆಂದೇ ಇಳಿದಿದ್ದೆ, ಹೇಳಿದೆ.

ಅವರಿಗೆ ಹಗುರವಾಗಬಹುದು ಎಂದು ಎಲ್ಲೋ ಅಂದುಕೊಂಡಿದ್ದೆನೇನೋ. ಅವರು ಬಹಳ ಹೊತ್ತು ರಸ್ತೆಯನ್ನು ನೋಡಿದರು. ಇಷ್ಟು ವರ್ಷ ಅವರು ಆ ಮನುಷ್ಯನ ಮೋಟಾರ್ ಸೈಕಲ್ ಸದ್ದಿಗಾಗಿ ಕಾಯುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು.

“ಹಂಗಾರ ನಾನು ಕಳ್ಳ ಆಗೇ ಉಳಿದ್ನವ್ವಾ,” ಎಂದರು.

ಮಜ್ಜಿಗೆಯ ಲೋಟವನ್ನು ಕಟ್ಟೆಯ ಮೇಲೆ ಇಟ್ಟೆ. ಸರ್ ಹೋದದ್ದಕ್ಕೆ ನಾನು ಅವರ ಮನೆಯಲ್ಲಿ ಅತ್ತಿರಲಿಲ್ಲ, ಇಲ್ಲಿ ಅಳು ಬಂತು. ಯಾರಿಗಾಗಿ ಎಂದು ಕೇಳಿದರೆ ಹೇಳಲಾರೆ. ಅಷ್ಟು ಚೆನ್ನಾಗಿ ಕಲಿಸಿದ ಮನುಷ್ಯ, ಹೇಳಬೇಕಾದ ಒಂದು ಮಾತನ್ನು ಹೇಳದೆ ಮಣ್ಣಿಗೆ ಹೋದರು. ಓಣಿಯಲ್ಲಿ ಯಾರದೋ ಮನೆಯ ಮುಂದೆ ಹುಣಸೆಹಣ್ಣು ರಾಶಿ ಹಾಕಿ ಪಾಲು ಮಾಡುತ್ತಿದ್ದರು. ಕಾಟಾದಣ್ಣ ಆ ಕಡೆ ನೋಡಲಿಲ್ಲ, ಲೋಟ ತೆಗೆದುಕೊಂಡು ಒಳಗೆ ಹೋದರು.